ಕುರಿ ಗಬ್ಬ ನಿಲ್ಲೋಕೆ ಮಿನರಲ್ ಮಿಕ್ಸ್ಚರ್: ಯಾವಾಗ ಶುರು ಮಾಡ್ಬೇಕು, ಎಷ್ಟು ಕೊಡ್ಬೇಕು, ಕಾಪರ್ ಬಗ್ಗೆ ಯಾಕಿಷ್ಟು ಹುಷಾರು

ಟಗರು ಬಿಟ್ಟು ಎರಡು ತಿಂಗಳಾಯ್ತು, ಅರ್ಧ ಹಿಂಡು ಗಬ್ಬನೇ ನಿಂತಿಲ್ಲ, ಯಾವ ಮಿನರಲ್ ಹಾಕ್ಲಿ ಅಂತ ಕೇಳೋರು ಸಿಗ್ತಾನೇ ಇರ್ತಾರೆ. ಮುಕ್ಕಾಲು ಪಾಲು ನಮ್ ಥರದೋರೇ, ಬೆಂಗಳೂರಲ್ಲಿ ಕೆಲಸ, ಯಲಹಂಕ ದಾಟಿದ್ಮೇಲೆ ಇಲ್ಲಾ ಆನೇಕಲ್ ಕಡೆ ಒಂದೆರಡು ಎಕರೆ, ಅದ್ರಲ್ಲೊಂದು ಶೆಡ್ಡು, 20-30 ಕುರಿ, ಹೊಸತೊಡಕಿಗೋ ಬಕ್ರೀದ್‌ಗೋ ಮರಿ ರೆಡಿ ಆಗ್ಬೇಕು ಅನ್ನೋ ಲೆಕ್ಕ. ನಂದೂ ಅದೇ ಕಥೆ, ರಾಜಾನುಕುಂಟೆ ಆಚೆ ಬನ್ನೂರು ಕುರಿ ಇಟ್ಕೊಂಡಿದೀನಿ. ನಾನು ಡಾಕ್ಟರ್ ಅಲ್ಲ, ಆದ್ರೆ ಈ ವಿಷ್ಯದಲ್ಲಿ ಕುರಿ ಕಳ್ಕೊಂಡು ಕಲ್ತಿದೀನಿ, ಅದಕ್ಕೇ ಬಿಡಿಸಿ ಬರೀತಿದೀನಿ.

ಮೊದಲೇ ಒಂದು ಮಾತು. ಮಿನರಲ್ ಕೆಲಸ ಮಾಡೋದು ಮಿನರಲ್ ಕೊರತೆ ಇದ್ರೆ ಮಾತ್ರ. ಕೊರತೆ ಇಲ್ದಿರೋ ಕುರಿಗೆ ಎಷ್ಟು ಸುರಿದ್ರೂ ಒಂದು ಮರಿ ಜಾಸ್ತಿ ಹುಟ್ಟಲ್ಲ, ಕಾಪರ್ ಆದ್ರಂತೂ ಇರೋ ಕುರಿನೇ ಹೋಗ್ಬಿಡತ್ತೆ. ಅವಳಿ ಮರಿ ಆಗ್ಲಿ ಅಂತ ಮಿನರಲ್ ಹಾಕೋರೂ ಇದಾರೆ, ಹಂಗೆಲ್ಲ ಆಗಲ್ಲ, ನಾರಿ ಸುವರ್ಣ ಕುರಿ ಅವಳಿ ಹಾಕೋದು ಬಂಗಾಳದ ಗರೋಲ್ ಕುರಿಯಿಂದ ಬಂದ ಫೆಕ್ ಬಿ ಅನ್ನೋ ಜೀನ್‌ನಿಂದ, ಅದು ರಕ್ತದಲ್ಲಿ ಬರ್ಬೇಕು, ಪ್ಯಾಕೆಟ್ಟಲ್ಲಿ ಬರಲ್ಲ.

ಹಂಗಾಗಿ ಪ್ಯಾಕೆಟ್ ಕೊಳ್ಳೋಕೆ ಮುಂಚೆ ಬೇರೆ ಕಾರಣ ಏನಾದ್ರೂ ಇದ್ಯಾ ನೋಡ್ಕೊಳ್ಳಿ. ಕುರಿ ಬೆನ್ನ ಮೇಲೆ, ಪಕ್ಕೆಲುಬು ಮುಗಿದ್ಮೇಲೆ ಸೊಂಟದ ಹತ್ರ ಕೈ ಇಟ್ಟು ಒತ್ತಿ ನೋಡಿ. ಮೂಳೆ ಚೂಪಾಗಿ ಕೈಗೆ ಚುಚ್ಚಿದ್ರೆ ಅದಕ್ಕೆ ಬೇಕಿರೋದು ಮೇವು, ಮಿನರಲ್ ಅಲ್ಲ. 1 ರಿಂದ 5ರ ಲೆಕ್ಕದಲ್ಲಿ 3ರ ಹತ್ರ ಇರ್ಬೇಕು, ಅಂದ್ರೆ ಮೂಳೆ ಇದೆ ಅಂತ ಗೊತ್ತಾಗ್ಬೇಕು ಆದ್ರೆ ಮೇಲೆ ಮಾಂಸದ ಹೊದಿಕೆ ಇರ್ಬೇಕು. ಆಮೇಲೆ ಕೆಳಗಿನ ಕಣ್ಣುರೆಪ್ಪೆ ಎಳೆದು ಒಳಗಡೆ ಬಣ್ಣ ನೋಡಿ, ಬಿಳಚಿಕೊಂಡಿದ್ರೆ ಹೊಟ್ಟೇಲಿ ರಕ್ತ ಹೀರೋ ಜಂತು ಇದೆ ಅಂತ ಅನುಮಾನ ಪಡಿ, ಸಗಣಿ ಪರೀಕ್ಷೆ ಮಾಡಿಸಿ ಔಷಧಿ ಕೊಡಿ, ಇಲ್ಲಾಂದ್ರೆ ನೀವು ತಿನ್ಸಿದ್ದೆಲ್ಲ ಜಂತುಗೇ ಹೋಗತ್ತೆ. ಕುರಿ ಕಂದ ಹಾಕ್ತಿದ್ರೆ, ಅಂದ್ರೆ ಗರ್ಭಪಾತ ಆಗ್ತಿದ್ರೆ, ಅದು ಬೇರೆನೇ ವಿಷ್ಯ, ಬ್ರುಸೆಲ್ಲಾ ಅನ್ನೋ ಸೋಂಕು ಇರಬಹುದು, ಮಳೆಗಾಲದ ನೀಲಿ ನಾಲಿಗೆ ರೋಗ ಬಂದೋಗಿರಬಹುದು. ಬ್ರುಸೆಲ್ಲಾ ಮನುಷ್ಯರಿಗೂ ಅಂಟತ್ತೆ, ಬಿದ್ದ ಕಂದನ್ನ ಬರಿಗೈಯಲ್ಲಿ ಮುಟ್ಟಬೇಡಿ. ಬೆಂಗಳೂರಲ್ಲಿರೋದ್ರಿಂದ ನಮಗೊಂದು ಅನುಕೂಲ, ಹೆಬ್ಬಾಳದಲ್ಲೇ ವೆಟರಿನರಿ ಕಾಲೇಜೂ ಇದೆ, ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆನೂ ಇದೆ.

ಇನ್ನು ಟಗರು. ಗಬ್ಬ ನಿಲ್ಲದಿದ್ರೆ ಎಲ್ರೂ ಕುರಿನೇ ಬೈತಾರೆ, ಒಂದು ಕುರಿ ಗೊಡ್ಡಾದ್ರೆ ಒಂದು ಮರಿ ಲಾಸು, ಟಗರು ಕೆಟ್ರೆ ಇಡೀ ಹಿಂಡೇ ಖಾಲಿ. ಟಗರಿನ ಬೀಜ, ಅಂದ್ರೆ ವೃಷಣ, ಕೈಯಲ್ಲಿ ಹಿಡಿದು ನೋಡಿ, ಎರಡೂ ಒಂದೇ ಸೈಜ್ ಇರ್ಬೇಕು, ಗಟ್ಟಿಯಾಗಿ ಪುಟಿಯೋ ಹಂಗಿರ್ಬೇಕು, ಮೆತ್ತಗೆ ಹಿಟ್ಟಿನ ಥರ ಇದ್ರೆ ಅಥವಾ ಗಂಟು ಸಿಕ್ಕಿದ್ರೆ ಡಾಕ್ಟ್ರಿಗೆ ತೋರ್ಸಿ. ಮಾರ್ಚ್ ಏಪ್ರಿಲ್ ಬಿಸಿಲಲ್ಲಿ ತಗಡಿನ ಶೆಡ್ ಕೆಳಗೆ ಕಟ್ಟಿದ ಟಗರಿನ ವೀರ್ಯ ಕೆಟ್ರೆ ಸರಿಯಾಗೋಕೆ ಆರರಿಂದ ಎಂಟು ವಾರ ಬೇಕು, ಯಾವ ಪುಡಿ ಕೊಟ್ರೂ ಅದಕ್ಕೆ ಮುಂಚೆ ಸರಿಯಾಗಲ್ಲ. 25-30 ಕುರಿಗೆ ಒಂದು ಟಗರು ಸಾಕು.

ಇದೆಲ್ಲ ಸರಿ ಇದ್ದೂ ಗಬ್ಬ ನಿಲ್ತಿಲ್ಲ ಅಂದ್ರೆ ಆಗ ಮಿನರಲ್ ಕಡೆ ಬನ್ನಿ. ನಿಮ್ ಕುರಿ ದಿನಾ ತಿನ್ನೋದೇನು ಅಂತ ಮೊದಲು ಒಂದು ಪಟ್ಟಿ ಬರೀರಿ, ಉತ್ತರ ಅರ್ಧ ಅಲ್ಲೇ ಇರತ್ತೆ. ನಮ್ ಕಡೆ ಬೇಸಿಗೇಲಿ ರಾಗಿ ಹುಲ್ಲೇ ಗತಿ, ಅದ್ರಲ್ಲಿ ಕ್ಯಾಲ್ಸಿಯಂ ಪರ್ವಾಗಿಲ್ಲ ಆದ್ರೆ ಜಿಂಕ್ ಕಮ್ಮಿ, ಫಾಸ್ಫರಸ್ ಕಮ್ಮಿ. ಭತ್ತದ ಹುಲ್ಲು ಇನ್ನೂ ಕಳಪೆ. ಗೋಧಿ ಬೂಸ, ಅಕ್ಕಿ ತೌಡಲ್ಲಿ ಮ್ಯಾಂಗನೀಸ್ ಚೆನ್ನಾಗಿರತ್ತೆ, ಫಾಸ್ಫರಸ್ಸೂ ಸಿಗತ್ತೆ, ಹಂಗಾಗಿ ದಿನಾ ಒಂದು ಹಿಡಿ ಬೂಸ ತಿನ್ನೋ ಕುರಿಗೂ ಬರೀ ಒಣ ಹುಲ್ಲು ತಿನ್ನೋ ಕುರಿಗೂ ಬಾಳ ವ್ಯತ್ಯಾಸ. ರಾಮನಗರ ಶಿಡ್ಲಘಟ್ಟ ಕಡೆಯೋರಿಗೆ ಹಿಪ್ಪುನೇರಳೆ ಸೊಪ್ಪು ಉಳಿಯತ್ತೆ, ಒಳ್ಳೆ ಪ್ರೋಟೀನು, ಬಿಡಬೇಡಿ, ಆದ್ರೆ ರೇಷ್ಮೆ ಹುಳಕ್ಕೆ ಅಂತ ಸೋಂಕು ನಿವಾರಕ ಪುಡಿ ಹಾಕಿರೋ ಸೊಪ್ಪು ಬೇಡ. ಸುಬಾಬುಲ್ ಮರದ ಸೊಪ್ಪು ಒಟ್ಟು ಮೇವಿನ ಮೂರನೇ ಒಂದು ಭಾಗಕ್ಕಿಂತ ಕಮ್ಮಿನೇ ಇರ್ಲಿ, ಅದ್ರಲ್ಲಿರೋ ಮಿಮೊಸಿನ್ ಥೈರಾಯ್ಡ್‌ಗೆ ಪೆಟ್ಟು ಕೊಡತ್ತೆ, ಉಣ್ಣೆ ಉದುರ್ಸತ್ತೆ. ಊರಿನ ಕೊಳಚೆ ಸೇರೋ ಕೆರೆಗಳ ಜೊಂಡು, ಹುಲ್ಲು ಪುಕ್ಸಟ್ಟೆ ಸಿಗತ್ತೆ ಅಂತ ತರಬೇಡಿ, ಅಂಥ ನೀರಲ್ಲಿ ಕ್ಯಾಡ್ಮಿಯಂ ಥರದ ಲೋಹ ಇದ್ರೆ ಅದು ಜಿಂಕ್, ಕಾಪರ್ ಎರಡಕ್ಕೂ ಅಡ್ಡ ಬರತ್ತೆ.

ಬೆಂಗಳೂರಲ್ಲೇ ಆಗೋ ಒಂದು ತೊಂದ್ರೆ ಹೇಳ್ತೀನಿ. ಸಂಜೆ ಹೊತ್ತು ತರಕಾರಿ ಮಾರ್ಕೆಟ್ಟಲ್ಲಿ ಎಲೆಕೋಸು, ಹೂಕೋಸು, ನವಿಲುಕೋಸಿನ ಎಲೆ ಮೂಟೆ ಮೂಟೆ ಸಿಗತ್ತೆ, ಕುರಿನೂ ಆಸೆ ಪಟ್ಟು ತಿನ್ನತ್ತೆ. ನನ್ ಸ್ನೇಹಿತ ಒಬ್ರು ಗಬ್ಬದ ಕುರಿಗೆ ಮೂರ್ನಾಲ್ಕು ತಿಂಗಳು ಮುಖ್ಯ ಮೇವಾಗಿ ಅದನ್ನೇ ಹಾಕಿದ್ರು. ಈದಾಗ ಆರು ಮರೀಲಿ ಎರಡು ಸತ್ತೇ ಹುಟ್ಟಿದ್ವು, ಒಂದು ಎದ್ದು ನಿಲ್ಲೋಕಾಗ್ದೆ ಮಲಗೇ ಇತ್ತು, ಕತ್ತಿನ ಕೆಳಗೆ ಕೈ ಹಾಕಿದ್ರೆ ನಿಂಬೆಹಣ್ಣಿನಷ್ಟು ಮೆತ್ತನೆ ಗಂಟು, ಮೈಮೇಲೆ ಕೂದಲು ಸರಿಯಾಗಿ ಬಂದಿರ್ಲಿಲ್ಲ. ಅದು ಗಳಗಂಡ. ಕೋಸಿನ ಜಾತಿ ಎಲೆ ಅಯೋಡಿನ್‌ನ ಥೈರಾಯ್ಡ್‌ಗೆ ಸೇರೋಕೆ ಬಿಡಲ್ಲ, ತಾಯಿ ನೋಡೋಕೆ ಆರಾಮಾಗೇ ಇರತ್ತೆ, ಪೆಟ್ಟು ಬೀಳೋದು ಹೊಟ್ಟೇಲಿರೋ ಮರಿಗೆ. ಮಾಮೂಲಿಯಾಗಿ ಒಂದು ಕೆಜಿ ಒಣ ಮೇವಿಗೆ ಅರ್ಧ ಮಿಲಿಗ್ರಾಂ ಅಯೋಡಿನ್ ಸಾಕು, ಕೋಸಿನ ಎಲೆ ತಿನ್ನಿಸ್ತಿದ್ರೆ ಅದ್ರ ಮೂರ್ನಾಲ್ಕು ಪಟ್ಟು ಬೇಕು. ಅಡುಗೆ ಉಪ್ಪು ಹಾಕ್ತಿದೀನಲ್ಲ ಅಂತೀರಾ, ಲೆಕ್ಕ ಹಾಕಿ, ಅಯೋಡಿನ್ ಉಪ್ಪಲ್ಲಿ ಕೆಜಿಗೆ 15 ಮಿಲಿಗ್ರಾಂ ಅಂದ್ಕೊಂಡ್ರೆ 10 ಗ್ರಾಂ ಉಪ್ಪಲ್ಲಿ ಬರೋದು 0.15 ಮಿಲಿಗ್ರಾಂ, ಮಾಮೂಲಿ ಅಗತ್ಯದ ಮೂರನೇ ಒಂದು ಭಾಗಾನೂ ಇಲ್ಲ. ಆ ಎಲೆನ ಪೂರ್ತಿ ಬಿಡಿ ಅಂತಿಲ್ಲ, ಅದೇ ಊಟ ಆಗ್ಬಾರ್ದು ಅಷ್ಟೇ, ಗಬ್ಬದ ಕುರಿಗಂತೂ ಕಮ್ಮಿ ಮಾಡಿ.

ಉಳಿದ ಮಿನರಲ್‌ಗಳ ಬಗ್ಗೆ ಚಿಕ್ಕದಾಗಿ ಹೇಳ್ಬಿಡ್ತೀನಿ. ಜಿಂಕ್ ಟಗರಿಗೆ ಬಾಳ ಮುಖ್ಯ, ಕಮ್ಮಿ ಆದ್ರೆ ಬೀಜ ಸರಿಯಾಗಿ ಬೆಳೆಯಲ್ಲ, ಗೊರಸು ಬಿರಿಯತ್ತೆ, ಚರ್ಮ ಒರಟಾಗತ್ತೆ, ಕೆಜಿ ಒಣ ಮೇವಿಗೆ 30 ಮಿಲಿಗ್ರಾಂ ಮೇಲೆ ಇರ್ಲಿ. ಮ್ಯಾಂಗನೀಸ್ ಕಮ್ಮಿ ಆದ್ರೆ ಬೆದೆ ಕಾಣಿಸ್ದೇ ಹೋಗತ್ತೆ. ಕೋಬಾಲ್ಟ್ ಬೇಕಿರೋದು ಕುರಿಗಿಂತ ಹೊಟ್ಟೇಲಿರೋ ಸೂಕ್ಷ್ಮಜೀವಿಗೆ, ಅವು ಅದ್ರಿಂದ ಬಿ 12 ವಿಟಮಿನ್ ಮಾಡ್ತವೆ, ಕಮ್ಮಿ ಆದ್ರೆ ಕುರಿ ಮೇವಿನ ಮುಂದೆ ನಿಂತ್ಕೊಂಡೇ ಸೊರಗತ್ತೆ, ನೋಡೋಕೆ ಜಂತು ಆದ ಕುರಿ ಥರಾನೇ ಕಾಣತ್ತೆ. ಸೆಲೆನಿಯಂ ಕಮ್ಮಿ ಆದ್ರೆ ಟಗರು ಹತ್ತಿದ ಮೂರ್ನಾಲ್ಕು ವಾರದಲ್ಲಿ ಭ್ರೂಣ ಕರಗಿ ಹೋಗಬಹುದು, ಟಗರಿನ ವೀರ್ಯಾಣುವಿನ ಬಾಲಾನೂ ಬಲ ಇಲ್ದೇ ಮುರಿಯತ್ತೆ. ಆದ್ರೆ ಬೇಕಿರೋದು ಕೆಜಿಗೆ 0.1 ರಿಂದ 0.3 ಮಿಲಿಗ್ರಾಂ ಅಷ್ಟೇ, ಜಾಸ್ತಿ ಆದ್ರೆ ವಿಷ, ಪಂಜಾಬಿನ ಕೆಲವು ಕಡೆ ಮಣ್ಣಲ್ಲೇ ಸೆಲೆನಿಯಂ ಜಾಸ್ತಿ ಇದ್ದು ದನಗಳ ಗೊರಸು ಕಳಚಿರೋದುಂಟು. ಮಿಕ್ಸ್ಚರಲ್ಲೂ ಸೆಲೆನಿಯಂ, ಮೇಲೆ ವಿಟಮಿನ್ ಇ ಸೆಲೆನಿಯಂ ಇಂಜೆಕ್ಷನ್ನೂ ಅಂತ ಎರಡೂ ಒಟ್ಟಿಗೆ ನೀವೇ ಕೊಟ್ಬಿಡಬೇಡಿ, ಡಾಕ್ಟ್ರು ತೂಕ ನೋಡಿ ಹೇಳ್ಲಿ.

ಈಗ ಕಾಪರ್, ಇಲ್ಲಿ ನಿಧಾನವಾಗಿ ಓದಿ. ಕಾಪರ್ ಕಮ್ಮಿ ಆದ್ರೂ ತೊಂದ್ರೆನೇ, ಕಪ್ಪು ಡೆಕ್ಕನಿ ಕುರಿ ಉಣ್ಣೆ ಬಣ್ಣ ಕಳ್ಕೊಂಡು ಕಂದು ತಿರುಗತ್ತೆ, ಹುಟ್ಟಿದ ಮರಿ ಹಿಂಗಾಲು ಸ್ವಾಧೀನ ಇಲ್ದೇ ತೂರಾಡತ್ತೆ. ಆದ್ರೆ ಹಸು, ಎಮ್ಮೆ, ಮೇಕೆ ತಡ್ಕೊಳೋ ಕಾಪರ್ ಕುರಿ ತಡ್ಕೊಳಲ್ಲ. ಹೆಚ್ಚಾದದ್ದನ್ನ ಹೊರಗೆ ಹಾಕೋ ಶಕ್ತಿ ಕುರಿಗೆ ಕಮ್ಮಿ, ಎಲ್ಲ ಲಿವರ್‌ನಲ್ಲೇ ಕೂಡಿಟ್ಕೊಳತ್ತೆ, ತಿಂಗಳುಗಟ್ಲೆ ಏನೂ ಗೊತ್ತಾಗಲ್ಲ, ಆಮೇಲೆ ಒಂದಿನ ಏನೋ ಒಂದು ಗಾಬರಿ, ಪ್ರಯಾಣ, ಮೇವಿನ ಬದಲಾವಣೆ, ಲಿವರ್ ಅಷ್ಟನ್ನೂ ಒಂದೇ ಸಲ ರಕ್ತಕ್ಕೆ ಬಿಟ್ಬಿಡತ್ತೆ, ರಕ್ತಕಣ ಒಡೆದು ಹೋಗತ್ತೆ.

ನಂಗೆ ಆಗಿದ್ದು ಇದೇ. ಶುರು ಶುರುವಲ್ಲಿ ಒಂದು ಅಂಗಡೀಲಿ ಕುರಿಗೂ ಇದೇ ಹಾಕಿ, ಬಾಳ ಪವರ್ ಅಂತ ಹಸುವಿನ ಮಿಕ್ಸ್ಚರ್ ಕೊಟ್ರು, ನಾನು ದಿನಾ ಒಂದೊಂದಕ್ಕೆ 20 ಗ್ರಾಂ ಹಾಕ್ದೆ. ಅದೇ ಟೈಮಲ್ಲಿ ಪಕ್ಕದ ದ್ರಾಕ್ಷಿ ತೋಟದಲ್ಲಿ ಹಣ್ಣು ಕಿತ್ತಾದ್ಮೇಲೆ ಕಳೆ ಮೇಯ್ಸೋಕೆ ಬಿಡ್ತಿದ್ದೆ. ನಮ್ ದೊಡ್ಡಬಳ್ಳಾಪುರ, ದೇವನಹಳ್ಳಿ, ಚಿಕ್ಕಬಳ್ಳಾಪುರ ಕಡೆ ಬೆಂಗಳೂರು ಬ್ಲೂ ದ್ರಾಕ್ಷಿ ಇರೋದು ಗೊತ್ತಲ್ಲ, ಬೂಜಿಗೆ ಅಂತ ಬೋರ್ಡೋ ದ್ರಾವಣ ಹೊಡೀತಾರೆ, ಅದು ಮೈಲುತುತ್ತ ಮತ್ತೆ ಸುಣ್ಣ, ಮೈಲುತುತ್ತ ಅಂದ್ರೆನೇ ಕಾಪರ್ ಸಲ್ಫೇಟ್, ಎಲೆ ಮೇಲೂ ಇರತ್ತೆ ಕೆಳಗಿನ ಹುಲ್ಲಿನ ಮೇಲೂ ಇರತ್ತೆ. ನಾಲ್ಕು ತಿಂಗಳು ಕುರಿ ಹೊಳೀತಾ ಇದ್ವು. ಶೆಡ್ ಬದಲಾಯ್ಸೋಕೆ ಅಂತ ಟೆಂಪೋದಲ್ಲಿ ಹಾಕ್ಕೊಂಡು ಬಂದ ಮೂರನೇ ದಿನ ಬೆಳಿಗ್ಗೆ ಎರಡು ಕುರಿ ಗೋಡೆಗೆ ತಲೆ ಒತ್ತಿ ನಿಂತಿದ್ವು, ಮೇವು ಮುಟ್ಲಿಲ್ಲ. ಕಣ್ಣಿನ ಬಿಳಿ ಭಾಗ ಅರಿಶಿನ ಬಳಿದ ಹಂಗೆ ಹಳದಿ. ಒಂದು ನನ್ ಮುಂದೇನೇ ಉಚ್ಚೆ ಹೊಯ್ತು, ಹಾಲು ಹಾಕದ ಕಾಫಿ ಬಣ್ಣ, ಸಿಮೆಂಟ್ ನೆಲದ ಮೇಲೆ ಅದು ಹರಿದು ಹೋದದ್ದು ಇವತ್ತಿಗೂ ಕಣ್ಮುಂದೆ ಇದೆ. ಎರಡೂ ಎರಡು ದಿನದೊಳಗೆ ಸತ್ವು, ಇನ್ನೊಂದು ಆ ವಾರದಲ್ಲೇ. ಪೋಸ್ಟ್ ಮಾರ್ಟಂನಲ್ಲಿ ಡಾಕ್ಟ್ರು ಮೂತ್ರಪಿಂಡ ಎತ್ತಿ ತೋರ್ಸಿದ್ರು, ಹೊಳೆಯೋ ಕಪ್ಪು, ತುಪಾಕಿ ಕಬ್ಬಿಣದ ಬಣ್ಣ. ಮೂರೂ ಗಬ್ಬ ಇದ್ವು.

ಹಂಗಾಗಿ ಲೇಬಲ್ ಓದೋದು ಕಲೀರಿ, ಇದು ಕಷ್ಟ ಏನಲ್ಲ. ಲೇಬಲ್ಲಲ್ಲಿ ಕಾಪರ್ 0.1 ಪರ್ಸೆಂಟ್ ಅಂತಿದ್ರೆ 10 ಗ್ರಾಂ ಪುಡೀಲಿ 10 ಮಿಲಿಗ್ರಾಂ ಕಾಪರ್. ಕೆಜಿಗೆ 4000 ಮಿಲಿಗ್ರಾಂ ಅಂತಿದ್ರೆ 10 ಗ್ರಾಂನಲ್ಲಿ 40 ಮಿಲಿಗ್ರಾಂ. ಈಗ 35 ಕೆಜಿ ಕುರಿ ದಿನಕ್ಕೆ ತಿನ್ನೋ ಒಣ ಮೇವು ಹೆಚ್ಚು ಕಮ್ಮಿ ಒಂದು ಕೆಜಿ ಚಿಲ್ಲರೆ, ಅದಕ್ಕೆ ಬೇಕಿರೋ ಕಾಪರ್ 7 ರಿಂದ 10 ಮಿಲಿಗ್ರಾಂ, ಅದ್ರಲ್ಲಿ ಬಾಳಷ್ಟು ಮೇವು ಹಿಂಡೀಲೇ ಬಂದಿರತ್ತೆ. ಎಲ್ಲ ಸೇರಿ ಕೆಜಿ ಮೇವಿಗೆ 15 ಮಿಲಿಗ್ರಾಂ ದಾಟ್ಲೇಬಾರ್ದು ಅಂತ ನಾನು ಗೆರೆ ಹಾಕ್ಕೊಂಡಿದೀನಿ. ಮೇವಲ್ಲಿ ಮಾಲಿಬ್ಡಿನಂ, ಸಲ್ಫರ್ ಇದ್ರೆ ಅವು ಕಾಪರ್‌ನ ಹೊಟ್ಟೇಲೇ ಕಟ್ಟಾಕ್ತವೆ, ಅವು ಕಮ್ಮಿ ಇದ್ರೆ ಕಮ್ಮಿ ಕಾಪರೂ ಜಾಸ್ತಿನೇ ಆಗತ್ತೆ. ಕೋಳಿ ಫೀಡು, ಹಂದಿ ಫೀಡು, ಕೋಳಿ ಗೊಬ್ಬರ ಕುರಿ ಬಾಯಿಗೆ ಸಿಗ್ಲೇಬಾರ್ದು, ಅವುಗಳಲ್ಲಿ ಕಾಪರ್ ಜಾಸ್ತಿ ಇರತ್ತೆ. ಕಾಲು ಕೊಳೆತಕ್ಕೆ ಮೈಲುತುತ್ತದ ನೀರಲ್ಲಿ ನಡೆಸೋರು ಆ ನೀರು ಕುಡಿಯೋಕೆ ಬಿಡಬೇಡಿ, ನಾನಂತೂ ಜಿಂಕ್ ಸಲ್ಫೇಟಿಗೆ ಬದಲಾಯ್ಸಿದೀನಿ. ಮೇಕೆ ಕುರಿ ಒಟ್ಟಿಗೆ ಇಟ್ಟಿರೋರು ಕುರಿಯ ಲೆಕ್ಕಕ್ಕೇ ಮಿಕ್ಸ್ಚರ್ ಆರಿಸ್ಬೇಕು, ಮೇಕೆಗೆ ಕಾಪರ್ ಬೇಕಾದ್ರೆ ಅದನ್ನ ಬೇರೆ ಕಟ್ಟಿ ಕೊಡಿ. ಕಣ್ಣು ಹಳದಿ, ಉಚ್ಚೆ ಕಂದು ಕಂಡ್ರೆ ಆ ಕ್ಷಣಕ್ಕೆ ಮಿಕ್ಸ್ಚರ್ ನಿಲ್ಸಿ, ಕುರಿ ಓಡಿಸಬೇಡಿ, ಡಾಕ್ಟ್ರನ್ನ ಕರೆಸಿ, ಅಮೋನಿಯಂ ಮಾಲಿಬ್ಡೇಟ್ ಮತ್ತೆ ಸೋಡಿಯಂ ಸಲ್ಫೇಟ್ ಕೊಟ್ಟು ಇನ್ನೂ ಮಲಗ್ದಿರೋ ಕುರಿನಾದ್ರೂ ಉಳಿಸ್ಕೊಬಹುದು.

ಕೊರತೆ ಇದ್ಯಾ ಇಲ್ವಾ ಟೆಸ್ಟ್ ಮಾಡ್ಸೋದು ಹೆಂಗೆ ಅಂತ ಕೇಳ್ತಾರೆ. ರಕ್ತದಲ್ಲಿ ನೋಡಬಹುದು, ಆದ್ರೆ ಕಾಪರ್ ವಿಷ್ಯದಲ್ಲಿ ರಕ್ತ ಸುಳ್ಳು ಹೇಳತ್ತೆ, ಲಿವರ್ ಖಾಲಿ ಆಗೋವರೆಗೂ ರಕ್ತದಲ್ಲಿ ನಾರ್ಮಲ್ ಅಂತಾನೇ ತೋರ್ಸತ್ತೆ, ತುಂಬಿ ತುಳುಕ್ತಿದ್ರೂ ಹಂಗೇ. ಅದಕ್ಕೇ ನಿಮ್ ಹಿಂಡಿನ ಕುರಿ ಯಾವ್ದಾದ್ರೂ ಕಡಿದಾಗ ಒಂದು ತುಂಡು ಲಿವರ್ ತೆಗೆದಿಟ್ಟು ಐಸಲ್ಲಿ ಲ್ಯಾಬ್‌ಗೆ ಕೊಡೋದು ಬೆಸ್ಟು. ಜಿಂಕ್‌ಗೆ ರಕ್ತ ತೆಗಿಸೋದಾದ್ರೆ ಮಾಮೂಲಿ ರಬ್ಬರ್ ಮುಚ್ಚಳದ ಟ್ಯೂಬ್ ಬೇಡ, ರಬ್ಬರಲ್ಲೇ ಜಿಂಕ್ ಇರತ್ತೆ, ಮೊದಲೇ ಡಾಕ್ಟ್ರಿಗೆ ಹೇಳಿ. ಆಡುಗೋಡಿಯಲ್ಲಿ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರ ಕ್ರಿಯಾ ಸಂಸ್ಥೆ ಇದೆ, 1995ರಲ್ಲಿ ಶುರುವಾಗಿದ್ದು, ಎಲ್ರೂ ಎನ್ಐಎಎನ್‌ಪಿ ಅಂತಾರೆ, ಯಾವ ಏರಿಯಾ ಮೇವಲ್ಲಿ ಯಾವ ಮಿನರಲ್ ಕಮ್ಮಿ ಅಂತ ನೋಡಿ ಆ ಏರಿಯಾಗೇ ತಕ್ಕ ಮಿಕ್ಸ್ಚರ್ ಮಾಡೋ ಕೆಲಸ ಅವ್ರು ಮಾಡಿದಾರೆ. ಇಷ್ಟು ಹತ್ರ ಇಟ್ಕೊಂಡು ನಾವು ಅಂಗಡಿಯವ್ರ ಮಾತು ಕೇಳ್ತೀವಿ ಅನ್ನೋದೇ ನಂಗೆ ಬೇಜಾರು.

ಟೈಮಿಂಗ್. ಟಗರು ಬಿಡೋ ದಿನ ಮಿಕ್ಸ್ಚರ್ ಶುರು ಮಾಡಿದ್ರೆ ಪ್ರಯೋಜನ ಇಲ್ಲ. ಟಗರಿನ ಮೈಯಲ್ಲಿ ವೀರ್ಯಾಣು ತಯಾರಾಗೋಕೇ 49 ದಿನ, ಅದು ಮಾಗಿ ಹೊರಗೆ ಬರೋಕೆ ಇನ್ನೆರಡು ವಾರ, ಅಂದ್ರೆ ಇವತ್ತು ಕೊಟ್ಟ ಜಿಂಕ್ ಕೆಲಸ ಮಾಡೋದು ಎರಡು ತಿಂಗಳ ನಂತರ. ಕುರಿಗೂ ಆರರಿಂದ ಎಂಟು ವಾರ ಮುಂಚೆ ಶುರು ಮಾಡಿ. ಟಗರು ಬಿಡೋಕೆ ಎರಡು ಮೂರು ವಾರ ಇದೆ ಅನ್ನೋವಾಗ ಕಾಳು ಹಿಂಡಿ ಸ್ವಲ್ಪ ಏರ್ಸಿ, ದಿನಕ್ಕೆ 200 ರಿಂದ 300 ಗ್ರಾಂ, ಸೊರಗಿರೋ ಕುರಿಗೆ ಇದು ಚೆನ್ನಾಗಿ ಹಿಡಿಯತ್ತೆ, ಆಗಲೇ ದಪ್ಪ ಇರೋದಕ್ಕೆ ಬೇಡ. ಟಗರು ಹತ್ತಿದ ಮೇಲೆ ಮೊದಲ ಐದಾರು ವಾರ ಏನೂ ಬದಲಾಯ್ಸಬೇಡಿ, ಮೇವು ಅದೇ, ಜಾಗ ಅದೇ, ಟೆಂಪೋ ಹತ್ತಿಸೋದು ಬೇಡ, ಉಣ್ಣೆ ಕತ್ತರಿಸೋದು ಬೇಡ. ಭ್ರೂಣ ಗರ್ಭಕೋಶಕ್ಕೆ ಅಂಟ್ಕೊಳೋ ಸಮಯ ಅದು.

ಕೊಡೋ ರೀತಿ ಹೀಗೆ. 20 ಕುರಿಗೆ ತಲಾ 5 ಗ್ರಾಂ ಅಂದ್ರೆ 100 ಗ್ರಾಂ ಪುಡಿ, ಅಡುಗೆಮನೆ ತಕ್ಕಡೀಲಿ ತೂಗಿ, ಚಮಚದ ಲೆಕ್ಕ ನಂಬಬೇಡಿ. ಮೊದಲು ಒಂದು ಬೋಗುಣೀಲಿ ಅರ್ಧ ಕೆಜಿ ಬೂಸಕ್ಕೆ ಆ ಪುಡಿ ಹಾಕಿ ಕೈಯಲ್ಲಿ ಚೆನ್ನಾಗಿ ಉಜ್ಜಿ ಬೆರೆಸಿ, ಸ್ವಲ್ಪ ನೀರು ಚಿಮುಕಿಸಿದ್ರೆ ಪುಡಿ ತಳ ಸೇರಲ್ಲ, ಆಮೇಲೆ ಅದನ್ನ ನಾಲ್ಕೂವರೆ ಕೆಜಿ ಬೂಸ ಹಿಂಡಿಗೆ ಕಲಸಿ, ಒಂದೊಂದಕ್ಕೆ 250 ಗ್ರಾಂ ಬೀಳೋ ಹಂಗೆ ಉದ್ದದ ದೋಣೀಲಿ ಹರಡಿ. ದೋಣಿ ಗಿಡ್ಡ ಆದ್ರೆ ಎರಡು ಗಟ್ಟಿ ಕುರಿ ನಾಲ್ಕರ ಪಾಲು ತಿಂದು ಹಾಕ್ತವೆ, ಮೂಲೇಲಿ ನಿಂತಿರೋ ಬಡಪಾಯಿಗೆ ಏನೂ ಸಿಗಲ್ಲ, ಕಾಪರ್ ಇರೋ ಪುಡಿ ಆದ್ರೆ ಎರಡೂ ಕಡೆ ಅಪಾಯ. ನೆಕ್ಕೋ ಇಟ್ಟಿಗೆ ತೂಗಾಕಿದ್ರೆ ಸಾಕು, ಕುರಿಗೆ ತನಗೆ ಬೇಕಾದ್ದು ಗೊತ್ತಿರತ್ತೆ ಅಂತಾರೆ. ಉಪ್ಪಿನ ವಿಷ್ಯದಲ್ಲಿ ನಿಜ, ಜಿಂಕ್ ಸೆಲೆನಿಯಂ ವಿಷ್ಯದಲ್ಲಿ ಅಲ್ಲ, ಅದು ನೆಕ್ಕೋದು ಉಪ್ಪಿನ ರುಚಿಗೆ, ಒಂದು ಬಾಳ ನೆಕ್ಕತ್ತೆ ಇನ್ನೊಂದು ಮೂಸಿನೂ ನೋಡಲ್ಲ.

ಫಲ ಸಿಕ್ತಾ ಅಂತ ಗೊತ್ತಾಗೋಕೆ ಟಗರಿನ ಎದೆಗೆ ಬಣ್ಣ ಹಚ್ಚಿ. ಕೆಮ್ಮಣ್ಣು ಪುಡಿನ ಅಡುಗೆ ಎಣ್ಣೇಲಿ ಗಟ್ಟಿಯಾಗಿ ಕಲಸಿ ಎರಡು ದಿನಕ್ಕೊಮ್ಮೆ ಮುಂಗಾಲು ನಡುವೆ ಬಳೀರಿ, ಹತ್ತಿದ ಕುರಿ ಸೊಂಟದ ಮೇಲೆ ಕೆಂಪು ಮಚ್ಚೆ ಬೀಳತ್ತೆ, ಕಿವಿಯ ಓಲೆ ನಂಬರ್ ನೋಡಿ ದಿನಾಂಕ ಬರ್ಕೊಳ್ಳಿ. ಬೆದೆ 17 ದಿನಕ್ಕೊಮ್ಮೆ, ಹಂಗಾಗಿ 17ನೇ ದಿನ ಬಣ್ಣ ಬದಲಾಯ್ಸಿ, ಅರಿಶಿನನೋ ನೀಲಿನೋ. ಹೊಸ ಬಣ್ಣ ಬಾಳ ಕುರಿ ಮೇಲೆ ಮತ್ತೆ ಬಿತ್ತು ಅಂದ್ರೆ ಟಗರಿನ ಮೇಲೆ ಅನುಮಾನ. ಮಚ್ಚೆನೇ ಬೀಳ್ಲಿಲ್ಲ ಅಂದ್ರೆ ಕುರಿ ಬೆದೆಗೆ ಬರ್ತಿಲ್ಲ, ಮೇವು, ಮ್ಯಾಂಗನೀಸ್, ಫಾಸ್ಫರಸ್ ಕಡೆ ನೋಡಿ, ಟಗರಿಗೆ ಹತ್ತೋ ಆಸಕ್ತಿ ಇದ್ಯಾ ಅಂತಾನೂ ನೋಡಿ. ಒಂದು ಸಲ ಬಿದ್ದು 17ಕ್ಕೆ ಬರ್ದೆ 25, 30ನೇ ದಿನಕ್ಕೆ ಮತ್ತೆ ಬಿತ್ತು ಅಂದ್ರೆ ಗಬ್ಬ ನಿಂತು ಆಮೇಲೆ ಭ್ರೂಣ ಕರಗಿ ಹೋಗಿರಬಹುದು ಅಂತ ಅರ್ಥ, ಆಗ ಸೆಲೆನಿಯಂ ಬಗ್ಗೆನೂ ಸೋಂಕಿನ ಬಗ್ಗೆನೂ ಡಾಕ್ಟ್ರ ಹತ್ರ ಮಾತಾಡಿ. 45 ರಿಂದ 60 ದಿನದಲ್ಲಿ ಸ್ಕ್ಯಾನ್ ಮಾಡ್ಸಿದ್ರೆ ಎಲ್ಲ ಖಚಿತ ಆಗತ್ತೆ.

ಗಬ್ಬ ನಿಂತ ಕುರಿ ಈಯೋದು 147 ರಿಂದ 150 ದಿನಕ್ಕೆ. ಕೊನೆ ಆರು ವಾರ ಮತ್ತೆ ಅಯೋಡಿನ್, ಕೋಬಾಲ್ಟ್, ಸೆಲೆನಿಯಂ ಕಡೆ ಗಮನ ಕೊಡಿ, ಕೋಬಾಲ್ಟ್ ಕಮ್ಮಿ ಇದ್ದ ತಾಯಿಯ ಮರಿ ಎದ್ದು ಮೊಲೆ ಹುಡುಕೋಕೇ ತಡ ಮಾಡತ್ತೆ, ಗಿಣ್ಣದ ಹಾಲು ಟೈಮಿಗೆ ಸಿಗ್ದೆ ಹೋಗತ್ತೆ. ಪುಸ್ತಕದಲ್ಲಿ ಒಂದು ಕಾಲಂ ಅದಕ್ಕೂ ಇಡಿ, ಮರಿ ಹುಟ್ಟಿ ಎಷ್ಟು ನಿಮಿಷಕ್ಕೆ ಎದ್ದು ಹಾಲು ಕುಡೀತು ಅಂತ, ಮುಂದಿನ ಸಲ ಡಾಕ್ಟ್ರು ಬಂದಾಗ ಮಚ್ಚೆ ಬಿದ್ದ ದಿನಾಂಕದ ಜೊತೆಗೆ ಆ ಪುಟಾನೂ ತೋರ್ಸಿ.